ಹಾಡಿದವರ ಹೆಸರಿಲ್ಲದ ಚಿತ್ರಗಳು

ಪ್ರತಿವರ್ಷವೂ ಫೆಬ್ರವರಿ ತಿಂಗಳ ನಡುವಿನಲ್ಲಿ ನ್ಯಾಮತಿ ತಾಲ್ಲೂಕಿನ ಸೂರಗೊಂಡನಕೊಪ್ಪದಲ್ಲಿ ಸಂತ ಸೇವಾಲಾಲರ ಜಯಂತಿಯು ನೆರವೇರುವುದು. ಕರ್ನಾಟಕದ ನಾನಾ ಜಿಲ್ಲೆಗಳಿಂದಲೂ ನೆರೆಯ ರಾಜ್ಯಗಳಿಂದಲೂ ಬಂಜಾರರು ಅಲ್ಲಿ ಬಂದು ನೆರೆಯುವರು. ಮಾಲೆ ಧರಿಸಿ ಕಾಲ್ನಡಿಗೆಯಿಂದ ಬರುವ ಭಕ್ತರೂ ಉಂಟು. ನಗಾರಿಯ ಸದ್ದು ಎದ್ದೊಡನೆ ಹೆಂಗಸರು ವರ್ತುಲವಾಗಿ ನಿಲ್ಲುವರು. ಒಬ್ಬಾಕೆ ಹಾಡನ್ನು ಎತ್ತಿಕೊಡುವರು, ಉಳಿದವರು ಅದನ್ನು ಹಿಡಿದು ಮುಂದುವರಿಸುವರು. ಅದೇ ಕ್ಷಣದಲ್ಲಿ ಸುತ್ತಲಿನ ಗುಂಪಿನಿಂದ ಕೈಗಳು ಮೇಲೇಳುವುವು. ಒಂದೊಂದು ಕೈಯಲ್ಲಿಯೂ ಒಂದೊಂದು ಮೊಬೈಲು. ಪತ್ರಿಕೆಯವರ, ದೂರದರ್ಶನದವರ ಯಂತ್ರಗಳೂ ಸಿದ್ಧವಾಗಿರುವುವು. ಆದುದರಿಂದ ಚಿತ್ರಗಳಿಗೆ ಇಲ್ಲಿ ಬರವೆಂಬುದಿಲ್ಲ. ಆದರೆ ಒಂದು ವರ್ಷ ಕಳೆದ ಮೇಲೆ ಆ ಚಿತ್ರಗಳಲ್ಲಿ ಯಾವುದಾದರೊಂದನ್ನು ಮುಂದಿಟ್ಟು, ಹಾಡನ್ನು ಎತ್ತಿಕೊಟ್ಟಾಕೆಯ ಹೆಸರೇನು, ಆಕೆ ಯಾವ ತಾಂಡಾದವರು, ಹಾಡು ಯಾವುದು, ಅದರ ಅರ್ಥವೇನು ಎಂದು ಕೇಳಿದರೆ ಉತ್ತರ ದೊರೆಯುವುದು ದುರ್ಲಭ. ಚಿತ್ರದ ಕೆಳಗೆ ಎರಡೇ ಪದಗಳಿರುವುವು: ‘ಲಂಬಾಣಿ ನೃತ್ಯ’.

ಇದನ್ನು ಸಣ್ಣ ಮರೆವೆಂದು ಎಣಿಸುವವರು ಬಹಳ ಮಂದಿ. ಇದು ಮರೆವಲ್ಲ, ಅನ್ಯಾಯ. ಹಾಡಿದವರ ಹೆಸರು, ಊರು, ದಿನ, ಹಾಡಿನ ಪೂರ್ಣ ಪಾಠ ಇವಿಷ್ಟೂ ಇಲ್ಲದ ಚಿತ್ರವು ದಾಖಲೆಯಲ್ಲ. ಒಬ್ಬರ ಸೊತ್ತನ್ನು ಇನ್ನೊಬ್ಬರು ಎತ್ತಿಕೊಂಡು ಹೋದುದರ ಗುರುತು ಮಾತ್ರ. ಈ ಮಾತು ಕಟುವಾಗಿ ತೋರಬಹುದು. ಆದರೆ ಅದರ ಸತ್ಯವನ್ನು ಅರಿಯಬೇಕಾದರೆ ಹಾಡು ಯಾರದು, ಆ ಜನರಿಗೆ ಹಾಡೆಂದರೆ ಏನು ಎಂಬುದನ್ನು ಮೊದಲು ವಿಚಾರಿಸಬೇಕು.

ಬಂಜಾರರು ಸೂರಗೊಂಡನಕೊಪ್ಪವನ್ನು ಭಾಯಾಗಡವೆಂದು ಕರೆಯುವರು. ಭೀಮಾನಾಯಕ, ಧರ್ಮಿಣಿ ಎಂಬ ದಂಪತಿಗಳಿಗೆ 1739ರ ಫೆಬ್ರವರಿ 15ರಂದು ಸೇವಾಲಾಲರು ಇಲ್ಲಿ ಜನಿಸಿದರೆಂಬುದು ಈ ಭಾಗದ ಜನರ ನಂಬುಗೆ. ಅವರ ಸಮಾಧಿ ಇರುವುದು ಮಹಾರಾಷ್ಟ್ರದ ಪೋಹರಾದೇವಿಯಲ್ಲಿ. ಜನ್ಮಸ್ಥಳಕ್ಕೂ ಸಮಾಧಿಸ್ಥಳಕ್ಕೂ ಇರುವ ಈ ದೂರವೇ ಆ ಜನರ ಬಾಳಿನ ಅಳತೆಯನ್ನು ಹೇಳುವುದು. ಎತ್ತುಗಳ ಬೆನ್ನಿನ ಮೇಲೆ ಉಪ್ಪು, ಧಾನ್ಯಗಳನ್ನು ಹೇರಿಕೊಂಡು ದೇಶದ ಒಂದು ತುದಿಯಿಂದ ಇನ್ನೊಂದು ತುದಿಗೆ ಸಾಗಿಸಿದವರು ಅವರು. ಸೈನ್ಯಗಳಿಗೆ ಅನ್ನ ಒದಗಿಸಿದವರೂ ಅವರೇ. ಹತ್ತೊಂಬತ್ತನೆಯ ಶತಮಾನದಲ್ಲಿ ರಸ್ತೆಗಳೂ ರೈಲುಗಳೂ ಬಂದು ಆ ವ್ಯಾಪಾರವನ್ನು ಮುರಿದುವು. 1871ರ ಅಪರಾಧಿ ಬುಡಕಟ್ಟುಗಳ ಕಾಯಿದೆಯ ಆಡಳಿತದಲ್ಲಿ ಅವರ ಕೆಲವು ಪಂಗಡಗಳಿಗೆ ಹುಟ್ಟಿನಿಂದಲೇ ಕಳ್ಳರೆಂಬ ಮುದ್ರೆ ಬಿದ್ದಿತು. 1952ರಲ್ಲಿ ಆ ಮುದ್ರೆ ಅಳಿಯಿತು, ಬಡತನ ಅಳಿಯಲಿಲ್ಲ. ಇಂದಿಗೂ ತಾಂಡಾಗಳಿಂದ ಕಬ್ಬಿನ ಕಟಾವಿಗೆ, ಕಾಫಿ ತೋಟಗಳಿಗೆ, ಕಟ್ಟಡದ ಕೆಲಸಗಳಿಗೆ ಸಂಸಾರಸಮೇತ ಗುಳೆ ಹೋಗುವುದು ನಿಂತಿಲ್ಲ.

ಇಂತಹ ಜನರು ಮನೆಮಾರುಗಳನ್ನು ಹೊತ್ತುಕೊಂಡು ತಿರುಗಲಾರರು, ಗ್ರಂಥಭಂಡಾರಗಳನ್ನಂತೂ ಹೊರಲಾರರು. ಹೊತ್ತುಕೊಂಡು ತಿರುಗಬಹುದಾದುದು ಹಾಡೊಂದೇ. ಅವರ ಗೋರಬೋಲಿ ಭಾಷೆಗೆ ಸ್ವಂತ ಲಿಪಿಯಿಲ್ಲ. ಗ್ರಿಯರ್ಸನ್ನನ ಭಾರತೀಯ ಭಾಷಾ ಸಮೀಕ್ಷೆಯು 1907ರಲ್ಲಿ ಅದನ್ನು ಭಿಲ್ ಭಾಷೆಗಳ ಸಂಪುಟದಲ್ಲಿ ಸೇರಿಸಿತು. 2011ರ ಜನಗಣತಿಯು ಲಂಬಾಡಿಯನ್ನು ಮಾತೃಭಾಷೆಯೆಂದು ಬರೆಸಿದ 32 ಲಕ್ಷಕ್ಕೂ ಮೀರಿದ ಜನರನ್ನು ಹಿಂದಿಯ ಲೆಕ್ಕದೊಳಗೆ ಸೇರಿಸಿತು. ಪರರ ಲಿಪಿಗಳಲ್ಲಿ ಬರೆದುಕೊಳ್ಳುವ, ಪರಭಾಷೆಯ ಲೆಕ್ಕದಲ್ಲಿ ಎಣಿಕೆಯಾಗುವ ನುಡಿಗೆ ಪುಸ್ತಕ ಯಾವುದು? ಹೋಳಿಯಲ್ಲಿ ಹಾಡುವ ಲೆಂಗಿಯೇ ಅದರ ಪುಸ್ತಕ. ಶ್ರಾವಣದ ತೀಜ್ ಹಬ್ಬದಲ್ಲಿ ಬುಟ್ಟಿಗಳಲ್ಲಿ ಗೋಧಿಯ ಸಸಿ ಬೆಳೆಸುತ್ತ ಕನ್ನೆಯರು ಹಾಡುವ ಹಾಡೇ ಅದರ ಪುಸ್ತಕ. ತವರನ್ನು ಬಿಟ್ಟು ಹೊರಡುವ ಮದುಮಗಳು ಬಂಧುಗಳ ಕೊರಳು ತಬ್ಬಿ ಅಳುತ್ತ ಹಾಡುವ ಢಾವಲೋ, ಧಾಡಿಗಳು ಒಪ್ಪಿಸುವ ವಂಶಾವಳಿ ಇವೇ ಅದರ ಕಾವ್ಯ, ಇವೇ ಅದರ ಇತಿಹಾಸ. ಲಿಪಿಯುಳ್ಳ ಭಾಷೆಯಲ್ಲಿ ಒಬ್ಬ ಮುದುಕಿ ತೀರಿಕೊಂಡರೆ ಒಂದು ಮನೆಗೆ ದುಃಖ. ಲಿಪಿಯಿಲ್ಲದ ಭಾಷೆಯಲ್ಲಿ ಹಾಡು ಬಲ್ಲ ಮುದುಕಿ ತೀರಿಕೊಂಡರೆ ಒಂದು ಕಪಾಟಿಗೇ ಬೆಂಕಿ ಬಿದ್ದಂತೆ.

ಹೀಗಿರಲು, ದನಿಯನ್ನೂ ಚಲನೆಯನ್ನೂ ಒಟ್ಟಿಗೆ ಹಿಡಿದಿಡಬಲ್ಲ ಯಂತ್ರವು ಈ ಜನರ ಪಾಲಿಗೆ ಓಲೆಗರಿಯೂ ಹೌದು, ಲೇಖನಿಯೂ ಹೌದು. ಅದನ್ನು ಹಿಡಿದವರು ಮಾಡುತ್ತಿರುವುದೇನು? ಜಿಲ್ಲೆಯ ಯಾವುದೇ ಮೆರವಣಿಗೆಯನ್ನು ನೋಡಿರಿ. ಗಣ್ಯರ ಮುಂದೆ ಪೂರ್ಣಕುಂಭ ಹೊತ್ತ ಸುಮಂಗಲಿಯರು, ಡೊಳ್ಳು, ಅದರ ಹಿಂದೆ ಲಂಬಾಣಿ ಹೆಂಗಸರು. ಗಣ್ಯರು ತಡವಾಗಿ ಬಂದರೆ ಬಿಸಿಲಿನಲ್ಲಿ ಕಾಯುವವರು ಇವರು. ಗಣ್ಯರು ವೇದಿಕೆ ಹತ್ತಿದೊಡನೆ ಹಾಡನ್ನು ಅರ್ಧಕ್ಕೆ ನಿಲ್ಲಿಸಬೇಕಾದವರೂ ಇವರೇ. ಉತ್ಸವದ ವೇದಿಕೆಯಲ್ಲಾದರೋ ಐದು ನಿಮಿಷದ ಅವಕಾಶ. ಕೆಲವೆಡೆ ಅವರ ಬಾಯಿಂದ ಹಾಡನ್ನೇ ಹೊರಡಿಸದೆ, ಧ್ವನಿವರ್ಧಕದಲ್ಲಿ ಯಾವುದೋ ಮುದ್ರಿತ ಗೀತವನ್ನು ಹಾಕಿ, ಅದಕ್ಕೆ ಕುಣಿಯಿರಿ ಎನ್ನುವುದೂ ಉಂಟು. ಲಂಬಾಣಿ ಕುಣಿತದ ತಾಳವು ನಗಾರಿಯಲ್ಲಿ, ಕಂಚಿನ ಥಾಳಿಯಲ್ಲಿ ಮಾತ್ರ ಇರುವುದಲ್ಲ. ಫೇಟಿಯಾ, ಕಾಂಚಳಿಗಳಿಗೆ ಹೊಲಿದ ಕನ್ನಡಿ, ನಾಣ್ಯ, ಕವಡೆಗಳೂ ತೋಳು ತುಂಬಿದ ಬಳೆಗಳೂ ಕಾಲಿನ ಕಡಗಗಳೂ ಬಾಗಿ ಎದ್ದಾಗಲೆಲ್ಲ ಒಟ್ಟಾಗಿ ನುಡಿಯುವುವು. ಉಡುಗೆಯೇ ಅಲ್ಲಿ ವಾದ್ಯ. ಧ್ವನಿವರ್ಧಕವು ಆ ವಾದ್ಯದ ಬಾಯಿಗೆ ಬಟ್ಟೆ ತುರುಕುವುದು. ಚಿತ್ರ ತೆಗೆದವರು ಆಮೇಲೆ ಅದನ್ನು ಮೂವತ್ತು ಸೆಕೆಂಡಿಗೆ ಕತ್ತರಿಸಿ, ಉಳಿದ ಅಷ್ಟಿಷ್ಟು ಸಹಜ ಧ್ವನಿಯನ್ನೂ ಅಳಿಸಿ, ಸಿನಿಮಾ ಹಾಡೊಂದನ್ನು ಅಂಟಿಸಿ ಊರಿಗೆಲ್ಲ ಹಂಚುವರು. ಡ್ರೋನಿನಿಂದ ತೆಗೆದ ಚಿತ್ರದಲ್ಲಂತೂ ಹೆಂಗಸರು ಹೂವಿನ ಎಸಳುಗಳಂತೆ ಕಾಣುವರು, ಮನುಷ್ಯರಂತೆ ಕಾಣುವುದಿಲ್ಲ.

ಕೂಲಿಯವರ ಕುಣಿತಕ್ಕೆ ಇಷ್ಟು ಗಂಭೀರವಾದ ದಾಖಲೆ ಏಕೆ, ಅದು ಶಾಸ್ತ್ರೀಯ ಸಂಗೀತವೇ ಎಂದು ವಿದ್ಯಾವಂತರಲ್ಲಿ ಕೆಲವರು ಪ್ರಶ್ನಿಸುವರು. ಅವರಿಗೆ ಇಂಗ್ಲೆಂಡಿನ ಒಂದು ಉದಾಹರಣೆಯನ್ನು ತೋರಿಸುವುದು ಉಚಿತ. ಕೂಲಿಯವರ ಕುಣಿತವನ್ನೇ ಅಲ್ಲಿ ಚಲಚ್ಚಿತ್ರಕ್ಕೆ ಏರಿಸಿದರು. ಅದರಿಂದ ಆದ ಫಲವು ಇಂದು ಕಣ್ಣಮುಂದೆ ಇದೆ.

ಸ್ಕಾ ಎಂಬ ಸಂಗೀತವು 1950ರ ದಶಕದ ಕೊನೆಯಲ್ಲಿ ಜಮೈಕಾ ದ್ವೀಪದಲ್ಲಿ ಹುಟ್ಟಿತು. ಕಿಂಗ್‌ಸ್ಟನ್ ನಗರದ ಬಡಬೀದಿಗಳಲ್ಲಿ ದೊಡ್ಡ ಧ್ವನಿವರ್ಧಕಗಳನ್ನಿಟ್ಟು ಜನರು ಕುಣಿಯುತ್ತಿದ್ದ ಕಾಲ ಅದು. ತಾಳದ ಪೆಟ್ಟು ಬೀಳುವ ಕಡೆ ಸುಮ್ಮನಿದ್ದು ಎರಡು ಪೆಟ್ಟುಗಳ ನಡುವಿನ ಎಡೆಯಲ್ಲಿ ಗಿಟಾರನ್ನು ಮೀಟುವುದೇ ಅದರ ಗುಟ್ಟು. ಕೇಳಿದವನ ಕಾಲು ತಾನಾಗಿ ಏಳುವುದು. 1948ರ ಜೂನ್ ತಿಂಗಳಲ್ಲಿ ಎಂಪೈರ್ ವಿಂಡ್‌ರಷ್ ಎಂಬ ಹಡಗು ಇಂಗ್ಲೆಂಡಿನ ತೀರ ಮುಟ್ಟಿದ ತರುವಾಯ ಕೆರೀಬಿಯನ್ ದ್ವೀಪಗಳ ಜನರು ದುಡಿಮೆಗಾಗಿ ಅಲ್ಲಿಗೆ ಹೋಗಿ ನೆಲೆಸುತ್ತ ಬಂದಿದ್ದರು. ಹಾಡೂ ಅವರೊಡನೆ ಸಮುದ್ರ ದಾಟಿತು. ಮೋಟಾರು ಕಾರ್ಖಾನೆಗಳ ಊರಾದ ಕಾವೆಂಟ್ರಿಯಲ್ಲಿ ಜೆರ್ರಿ ಡ್ಯಾಮರ್ಸ್ ಎಂಬಾತನು 1979ರಲ್ಲಿ ಟೂ ಟೋನ್ ಎಂಬ ಮುದ್ರಿಕೆಗಳ ಸಂಸ್ಥೆಯನ್ನು ಆರಂಭಿಸಿದನು. ಕಾರ್ಖಾನೆಗಳು ಮುಚ್ಚುತ್ತಿದ್ದುವು, ಬೀದಿಗಳಲ್ಲಿ ವರ್ಣದ್ವೇಷ ಹೆಚ್ಚುತ್ತಿತ್ತು. ಅಂತಹ ಹೊತ್ತಿನಲ್ಲಿ ಕರಿಯ ಬಿಳಿಯ ತರುಣರು ಒಂದೇ ವೇದಿಕೆಯ ಮೇಲೆ ನಿಂತು ಹಾಡಿದರು. ಆ ಸಂಸ್ಥೆಯ ಚಿಹ್ನೆಯ ಕಪ್ಪು ಬಿಳುಪು ಚೌಕಳಿಯ ಅರ್ಥವೂ ಅದೇ.

ಈ ತಂಡಗಳು 1980ರಲ್ಲಿ ನೆರೆದ ಜನರ ಮುಂದೆ ಹಾಡಿ ಕುಣಿದುದನ್ನು ಜೋ ಮ್ಯಾಸೊಟ್ ಎಂಬ ನಿರ್ದೇಶಕನು ‘ಡ್ಯಾನ್ಸ್ ಕ್ರೇಜ್’ ಎಂಬ ಚಲಚ್ಚಿತ್ರವನ್ನಾಗಿ ಮಾಡಿದನು. ಅದು 1981ರಲ್ಲಿ ತೆರೆಗೆ ಬಂದಿತು. ದಿ ಸ್ಪೆಷಲ್ಸ್, ಮ್ಯಾಡ್‌ನೆಸ್, ದಿ ಸೆಲೆಕ್ಟರ್, ದಿ ಬೀಟ್, ಬ್ಯಾಡ್ ಮ್ಯಾನರ್ಸ್, ದಿ ಬಾಡಿಸ್ನ್ಯಾಚರ್ಸ್ ಎಂಬ ಆರು ತಂಡಗಳು ಅದರಲ್ಲಿವೆ. ಸಂದರ್ಶನಗಳಿಲ್ಲ, ಪಂಡಿತರ ವ್ಯಾಖ್ಯಾನವಿಲ್ಲ. ಹಳೆಯ ವಾರ್ತಾಚಿತ್ರದ ತುಣುಕನ್ನು ಬಿಟ್ಟರೆ ಹಾಡಿನ ಹಿಂದೆ ಹಾಡು. ಛಾಯಾಗ್ರಾಹಕ ಜೋ ಡಂಟನ್ ಯಂತ್ರವನ್ನು ಹೊತ್ತು ವೇದಿಕೆಯ ಮೇಲೆ ವಾದಕರ ನಡುವೆಯೇ ಓಡಾಡಿದನು. ಆದುದರಿಂದ ಹಾಡುವವನ ಬೆವರು, ತಂತಿಯ ಮೇಲಿನ ಬೆರಳು, ಎದುರಿಗೆ ಅಲೆಯಂತೆ ಏಳುವ ಜನ ಎಲ್ಲವೂ ಒಂದೇ ನೋಟದಲ್ಲಿ ದೊರೆಯುವುವು. ನೋಡುವವನು ಹೊರಗಿನವನಾಗಿ ಉಳಿಯುವುದಿಲ್ಲ. ಕುಣಿತದ ಒಳಗೇ ನಿಲ್ಲುವನು.

ಆ ಆರು ತಂಡಗಳಲ್ಲಿ ಒಂದರ ಕಥೆಯನ್ನು ಸೂರಗೊಂಡನಕೊಪ್ಪದ ವಿಷಯದಲ್ಲಿ ಆಸಕ್ತಿಯುಳ್ಳವರು ಗಮನವಿಟ್ಟು ಕೇಳಬೇಕು. ಬಾಡಿಸ್ನ್ಯಾಚರ್ಸ್ ಎಂಬುದು ಏಳು ಮಂದಿ ಹೆಂಗಸರೇ ಕೂಡಿ ಕಟ್ಟಿದ ತಂಡ. 1979ರಲ್ಲಿ ಹುಟ್ಟಿದ ಅದು 1980ರ ಕೊನೆಯೊಳಗೇ ಚದುರಿಹೋಯಿತು. ಎರಡು ಚಿಕ್ಕ ಮುದ್ರಿಕೆಗಳನ್ನು ಬಿಟ್ಟರೆ ಅವರ ಹೆಸರಿನಲ್ಲಿ ಒಂದು ಪೂರ್ಣ ಗೀತಸಂಪುಟವೂ ಆಗ ಹೊರಬರಲಿಲ್ಲ. ಚಲಚ್ಚಿತ್ರವು ತೆರೆಗೆ ಬರುವ ಹೊತ್ತಿಗೆ ತಂಡವೇ ಇರಲಿಲ್ಲ. ಆದರೂ ಆ ಏಳು ಮಂದಿ ಹೇಗೆ ಹಾಡಿದರು, ಹೇಗೆ ಕುಣಿದರು, ಯಾರು ಯಾವ ವಾದ್ಯ ನುಡಿಸಿದರು ಎಂಬುದನ್ನು ನಾಲ್ಕು ದಶಕಗಳ ಮೇಲೂ ಯಾರು ಬೇಕಾದರೂ ನೋಡಬಹುದು. ಕಾರಣವಿಷ್ಟೆ: ಹಾಡುತ್ತಿದ್ದಾಗ ಒಬ್ಬರು ಸರಿಯಾಗಿ ಚಿತ್ರ ತೆಗೆದರು, ತೆಗೆದುದರ ಮೇಲೆ ಹೆಸರು ಬರೆದರು. ಒಂದೆರಡು ವರ್ಷ ಬಾಳಿದ ತಂಡಕ್ಕೆ ದೊರೆತ ಈ ಭಾಗ್ಯವು ತಲೆಮಾರುಗಳಿಂದ ಹಾಡಿಕೊಂಡು ಬಂದ ತಾಂಡಾದ ಹೆಂಗಸರಿಗೆ ಏಕೆ ದೊರೆಯಬಾರದು?

ಕಾಲವು ಯಾರನ್ನೂ ಬಿಡುವುದಿಲ್ಲ. ಸ್ಪೆಷಲ್ಸ್ ತಂಡದೊಡನೆ ಟ್ರೊಂಬೋನ್ ನುಡಿಸಿದ, ಜಮೈಕಾದ ಮೊದಲ ತಲೆಮಾರಿನ ಹಿರಿಯ ರೀಕೊ ರಾಡ್ರಿಗಸ್ 2015ರಲ್ಲಿ ತೀರಿಕೊಂಡನು. ಮೃದಂಗದಂತೆ ತಂಡವನ್ನು ನಡೆಸುತ್ತಿದ್ದ ಡ್ರಂ ವಾದಕ ಜಾನ್ ಬ್ರಾಡ್‌ಬರಿಯೂ ಅದೇ ವರ್ಷ ಹೋದನು. ಗಾಯಕ ಟೆರಿ ಹಾಲ್ 2022ರ ಡಿಸೆಂಬರಿನಲ್ಲಿ ಮರಣ ಹೊಂದಿದನು. ಮರುವರ್ಷವೇ, 2023ರಲ್ಲಿ, ಬ್ರಿಟಿಷ್ ಫಿಲ್ಮ್ ಇನ್‌ಸ್ಟಿಟ್ಯೂಟು ಆ ಹಳೆಯ ಚಲಚ್ಚಿತ್ರವನ್ನು ಪುನರುದ್ಧರಿಸಿ ಮತ್ತೆ ತೆರೆಗೆ ತಂದಿತು. ಗಾಯಕನಿಲ್ಲ, ಗಾಯನವಿದೆ. ಇಷ್ಟಾದರೂ ಆ ಚಿತ್ರದ ಕಥೆಯಲ್ಲಿ ಒಂದು ಎಚ್ಚರಿಕೆಯೂ ಅಡಗಿದೆ. ತೆರೆಗೆ ಬಂದ ಮೇಲೆ ಬಹುಕಾಲ ಅದು ಒಳ್ಳೆಯ ರೂಪದಲ್ಲಿ ಜನರ ಕೈಗೆ ಸಿಕ್ಕುತ್ತಿರಲಿಲ್ಲ. ಮೂಲದ್ರವ್ಯವು ಉಳಿದಿದ್ದುದರಿಂದ ಉದ್ಧಾರ ಸಾಧ್ಯವಾಯಿತು. ಉಳಿಯದಿದ್ದರೆ ಹೆಸರು ಮಾತ್ರ ಇರುತ್ತಿತ್ತು. ಚಿತ್ರ ತೆಗೆಯುವುದು ಅರ್ಧ ಕೆಲಸ, ಕಾಪಿಡುವುದು ಉಳಿದರ್ಧ.

ಇಂಗ್ಲೆಂಡಿನ ಮಾತು ಕನ್ನಡನಾಡಿಗೆ ಏಕೆ ಎನ್ನುವವರಿಗೆ ಕನ್ನಡನಾಡಿನಲ್ಲಿಯೇ ಸಾಕ್ಷಿಗಳಿವೆ. ಮಧುರಚೆನ್ನ, ಸಿಂಪಿ ಲಿಂಗಣ್ಣ ಮೊದಲಾದ ಹಲಸಂಗಿಯ ಗೆಳೆಯರು ಹೆಂಗಸರ ಬಾಯಿಂದ ಹಾಡುಗಳನ್ನು ಬರೆದುಕೊಂಡು 1931ರಲ್ಲಿ ‘ಗರತಿಯ ಹಾಡು’ ಪ್ರಕಟಿಸಿದರು. ಅಂದು ಅವರ ಕೈಯಲ್ಲಿದ್ದುದು ಲೇಖನಿಯೊಂದೇ. ಮಾತು ಉಳಿಯಿತು, ಬೀಸುಕಲ್ಲಿನ ಸದ್ದು, ಹಾಡಿದವರ ದನಿ, ಉಸಿರು ನಿಂತ ಎಡೆ ಯಾವುದೂ ಹಾಳೆಯ ಮೇಲೆ ಇಳಿಯಲಿಲ್ಲ. ಅದಕ್ಕಾಗಿ ಅವರನ್ನು ದೂರುವವನು ಕೃತಘ್ನ. ಆಮೇಲೆ ಎಚ್. ಎಲ್. ನಾಗೇಗೌಡರು ಧ್ವನಿಮುದ್ರಣ ಯಂತ್ರವನ್ನು ಹಳ್ಳಿಗಳಿಗೆ ಒಯ್ದರು. ರಾಮನಗರದ ಬಳಿ ಜಾನಪದ ಲೋಕವನ್ನು ಕಟ್ಟಿ ಹಾಡುಗಾರರ ದನಿಗೆ ಒಂದು ಮನೆ ಮಾಡಿಕೊಟ್ಟರು. ಲೇಖನಿಯ ಕಾಲದಲ್ಲಿ ಹಲಸಂಗಿಯವರು ಅಷ್ಟು ಮಾಡಿದರು, ಟೇಪಿನ ಕಾಲದಲ್ಲಿ ನಾಗೇಗೌಡರು ಇಷ್ಟು ಮಾಡಿದರು. ದನಿಯನ್ನೂ ರೂಪವನ್ನೂ ಒಟ್ಟಿಗೆ ಹಿಡಿಯುವ ಯಂತ್ರವು ಪ್ರತಿಯೊಬ್ಬರ ಜೇಬಿನಲ್ಲಿರುವ ಈ ಕಾಲದವರು ಮಾಡಿದುದೇನೆಂದು ಮುಂದಿನವರು ಕೇಳಿದರೆ ಮೂವತ್ತು ಸೆಕೆಂಡಿನ ತುಣುಕುಗಳನ್ನು ತೋರಿಸುವುದೇ?

ಹೆಸರಿನ ಮಹಿಮೆಯನ್ನೂ ಈ ನಾಡು ಅರಿಯದುದಲ್ಲ. 2005ರ ಏಪ್ರಿಲಿನಲ್ಲಿ ಬೆಂಗಳೂರಿನ ಅರಮನೆ ಮೈದಾನದಲ್ಲಿ ಸಿ. ಅಶ್ವಥ್ ಅವರು ನಡೆಸಿದ ‘ಕನ್ನಡವೇ ಸತ್ಯ’ ಗಾಯನೋತ್ಸವಕ್ಕೆ ಜನಸಾಗರವೇ ಸೇರಿತು. ಅಶ್ವಥ್ ಅವರು 2009ರಲ್ಲಿ ತೀರಿಕೊಂಡರು. ಆ ರಾತ್ರಿಯ ಚಿತ್ರಗಳನ್ನು ಜನರು ಇಂದೂ ನೋಡುವರು, ಹಾಡಿದವರು ಯಾರು, ಪದ ಯಾರದು ಎಂದು ಬಲ್ಲರು. ಹಾಲಕ್ಕಿ ಜನಾಂಗದ ಸುಕ್ರಿ ಬೊಮ್ಮಗೌಡರಿಗೆ 2017ರಲ್ಲಿ ಪದ್ಮಶ್ರೀ ಬಂದಿತು; 2025ರ ಫೆಬ್ರವರಿಯಲ್ಲಿ ಅವರು ನಿಧನರಾದಾಗ ‘ಹಾಲಕ್ಕಿ ಹಾಡುಗಾರ್ತಿಯೊಬ್ಬಳು’ ಎಂದು ಯಾರೂ ಬರೆಯಲಿಲ್ಲ; ಸುಕ್ರಜ್ಜಿ ಹೋದರೆಂದೇ ನಾಡು ಮರುಗಿತು. ಹೆಸರಿದ್ದುದರಿಂದ ಮರುಕವೂ ಹುಟ್ಟಿತು, ಹಾಡುಗಳನ್ನು ಉಳಿಸಬೇಕೆಂಬ ಕಳಕಳಿಯೂ ಹುಟ್ಟಿತು. ಹೆಸರಿಲ್ಲದವರಿಗಾಗಿ ಅಳುವವರು ಯಾರು?

ಎಣಿಸುವ ಮನಸ್ಸಿದ್ದರೆ ಎಣಿಸಬಹುದೆಂಬುದಕ್ಕೂ ನಿದರ್ಶನವಿದೆ. 2023ರ ಜುಲೈ ತಿಂಗಳಲ್ಲಿ ಹಂಪಿಯಲ್ಲಿ ಜಿ-20 ರಾಷ್ಟ್ರಗಳ ಸಂಸ್ಕೃತಿ ಸಭೆ ಸೇರಿದಾಗ, ಸಂಡೂರಿನ ಕುಶಲ ಕಲಾ ಕೇಂದ್ರದೊಡನೆ ಸೇರಿ 450ಕ್ಕೂ ಹೆಚ್ಚು ಲಂಬಾಣಿ ಹೆಂಗಸರು ಕಸೂತಿಯಿಂದ ಸಿದ್ಧಗೊಳಿಸಿದ 1,755 ವಸ್ತುಗಳ ಪ್ರದರ್ಶನವು ಗಿನ್ನೆಸ್ ದಾಖಲೆಯಾಯಿತು. ಸಂಡೂರಿನ ಲಂಬಾಣಿ ಕಸೂತಿಗೆ 2010ರಲ್ಲಿಯೇ ಭೌಗೋಳಿಕ ಗುರುತಿನ ರಕ್ಷಣೆಯೂ ದೊರೆತಿತ್ತು. ಇದು ಸಂತೋಷದ ಸಂಗತಿ. ಸೂಜಿಯ ಕೆಲಸವನ್ನು ಒಂದೊಂದಾಗಿ ಎಣಿಸಲು ಬಂದಿತು. ಅದೇ ಹೆಂಗಸರು ಸೂಜಿ ಹಿಡಿದು ಹಾಡುವ ಹಾಡುಗಳನ್ನು ಎಣಿಸಿದವರಾರು? ಬಟ್ಟೆಯನ್ನು ಮಾರಬಹುದು, ಆದುದರಿಂದ ಅದಕ್ಕೆ ಲೆಕ್ಕ. ಹಾಡನ್ನು ಮಡಿಸಿಡಲು ಬರುವುದಿಲ್ಲ, ಆದುದರಿಂದ ಅದಕ್ಕೆ ಲೆಕ್ಕವಿಲ್ಲವೆಂದು ಹೇಳುವುದಾದರೆ ಸಂಸ್ಕೃತಿಯ ಮಾತನ್ನೇ ಬಿಟ್ಟುಬಿಡುವುದು ಲೇಸು.

ಇನ್ನು ಆಕ್ಷೇಪಗಳನ್ನು ಪರಿಶೀಲಿಸಬಹುದು. ಎಲ್ಲರೂ ಚಿತ್ರ ತೆಗೆಯುತ್ತಿರುವಾಗ ಕಳೆದುಹೋಗುವುದೇನು ಎಂಬುದು ಮೊದಲನೆಯದು. ಮಳೆ ಸುರಿದ ಮಾತ್ರಕ್ಕೆ ಕೆರೆ ತುಂಬುವುದಿಲ್ಲ. ಏರಿ ಬೇಕು, ತೂಬು ಬೇಕು. ಸೂಳೆಕೆರೆಯ ನೀರು ಕುಡಿದು ಬೆಳೆದ ಚನ್ನಗಿರಿ ಸೀಮೆಯವರಿಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ. ಮೊಬೈಲು ಕೆಟ್ಟರೆ, ಜಾಗ ಸಾಲದೆಂದು ಅಳಿಸಿದರೆ, ಆ ಚಿತ್ರ ಹೋಯಿತು. ನಿಜ ಹೇಳುವುದಾದರೆ ಈಗ ಇರುವ ಚಿತ್ರಗಳಲ್ಲಿ ಉತ್ತಮವಾದುವು ತಾಂಡಾದ ಹುಡುಗರೇ ತೆಗೆದುವು. ಹಾಡುವಾಕೆ ತನ್ನ ಯಾಡಿ ಎಂದೋ ಅಜ್ಜಿ ಎಂದೋ ಆ ಹುಡುಗನು ಬಲ್ಲನು. ಹಾಡು ಮುಗಿಯುವವರೆಗೆ ಯಂತ್ರವನ್ನು ಕೆಳಗಿಳಿಸಲಾರನು. ಆದರೆ ಹೆಸರು ಅವನ ತಲೆಯಲ್ಲಿಯೇ ಉಳಿಯುವುದು. ಅವನು ನಾಳೆ ಬೆಂಗಳೂರಿಗೆ ದುಡಿಯಲು ಹೋದರೆ ಹೆಸರೂ ಅವನೊಡನೆ ಹೋಗುವುದು. ಅವನಿಗೆ ಬೇಕಾದುದು ಉಪದೇಶವಲ್ಲ. ಬರೆದಿಡಲು ಒಂದು ಪುಸ್ತಕ, ತಂದಿಡಲು ಒಂದು ಸ್ಥಳ.

ಎರಡನೆಯ ಆಕ್ಷೇಪವು ಗೌರವಕ್ಕೆ ಅರ್ಹವಾದುದು. ಭಕ್ತಿಯಿಂದ ಹಾಡುವ ಹಾಡಿಗೂ, ಮಗಳನ್ನು ಕಳುಹಿಸುವಾಗಿನ ಅಳುವಿಗೂ ಯಂತ್ರವನ್ನು ಒಡ್ಡುವುದು ಅಪಚಾರವಲ್ಲವೇ ಎಂದು ಹಿರಿಯರು ಕೇಳುವರು. ಹೌದು, ಒಪ್ಪಿಗೆಯಿಲ್ಲದೆ ಒಡ್ಡಿದರೆ ಅಪಚಾರವೇ. ಭೋಗ್ ಸಲ್ಲಿಸುವಾಗಿನ ಅರಿಕೆಯನ್ನು ಚಿತ್ರಿಸಬೇಡಿರೆಂದು ತಾಂಡಾದ ನಾಯಕನು ಹೇಳಿದರೆ ಅಲ್ಲಿಗೆ ಮಾತು ಮುಗಿಯಬೇಕು. ಢಾವಲೋ ಹಾಡುವ ಮದುಮಗಳು ಬೇಡವೆಂದರೆ ಬೇಡ. ಆದರೆ ಅದನ್ನು ಬಲ್ಲ ಹಿರಿಯಳು ಬಿಡುವಾದ ಮಧ್ಯಾಹ್ನ ತಾನಾಗಿ ಹಾಡಿ ತೋರಿಸಲು ಒಪ್ಪಿದರೆ ಅದನ್ನು ಬರಮಾಡಿಕೊಳ್ಳುವುದು ಪುಣ್ಯ. ಇಂದಿನ ರೂಢಿಯಾದರೋ ಕೇಳದೆಯೇ ಎಲ್ಲವನ್ನೂ ತೆಗೆಯುವುದು, ತೆಗೆದುದರಲ್ಲಿ ಏನನ್ನೂ ಉಳಿಸದಿರುವುದು.

ಮೂರನೆಯ ಆಕ್ಷೇಪ ಪಂಡಿತರದು: ಜಾನಪದವು ಹರಿಯುವ ನದಿ, ಅದನ್ನು ಸೀಸೆಯಲ್ಲಿ ತುಂಬಿಡಬಾರದು. ಸ್ಕಾ ಸಂಗೀತದ ಕಥೆಯೇ ಇದಕ್ಕೆ ಉತ್ತರ. ಕಿಂಗ್‌ಸ್ಟನ್ನಿನ ಹಾಡು ಕಾವೆಂಟ್ರಿಗೆ ಬಂದಾಗ ವೇಗ ಬದಲಾಯಿತು, ಮಾತು ಬದಲಾಯಿತು, ಹಾಡುವವರ ಮೈಬಣ್ಣವೂ ಬದಲಾಯಿತು. ಆದರೆ ಹಿಂದಿನವರ ಮುದ್ರಿಕೆಗಳು ಹೆಸರಿನೊಡನೆ ಉಳಿದಿದ್ದುವು. ಆದುದರಿಂದಲೇ ಮ್ಯಾಡ್‌ನೆಸ್ ತಂಡವು ಜಮೈಕಾದ ಪ್ರಿನ್ಸ್ ಬಸ್ಟರನ ಹಾಡೊಂದರಿಂದ ತನ್ನ ಹೆಸರನ್ನು ಪಡೆಯಿತು. 1979ರಲ್ಲಿ ತನ್ನ ಮೊದಲನೆಯ ಮುದ್ರಿಕೆಯನ್ನೇ ಅವನಿಗೆ ಕಾಣಿಕೆಯಾಗಿ ಸಲ್ಲಿಸಿತು. ದಾಖಲೆಯು ಬದಲಾವಣೆಯನ್ನು ತಡೆಯಲಿಲ್ಲ. ಬದಲಾಯಿಸಿದವರಿಗೆ ಋಣವನ್ನು ನೆನಪಿಸಿತು. ತಾಂಡಾದ ಹುಡುಗಿಯೊಬ್ಬಳು ನಾಳೆ ಲೆಂಗಿಯನ್ನು ಹೊಸ ವಾದ್ಯಗಳೊಡನೆ ಹಾಡುವುದಾದರೆ ಹಾಡಲಿ. ಅದು ಇಂತಹ ತಾಂಡಾದ ಇಂತಹವರು ಹೇಳಿಕೊಟ್ಟುದೆಂದು ಆಕೆ ಹೇಳಬಲ್ಲವಳಾಗಿರಬೇಕು.

ಕಾಯಿದೆಯೂ ಇದೇ ಮಾತನ್ನು ಹೇಳುವುದು. 1957ರ ಕೃತಿಸ್ವಾಮ್ಯ ಕಾಯಿದೆಗೆ 1994ರಲ್ಲಿ ಮಾಡಿದ ತಿದ್ದುಪಡಿಯು ಹಾಡುವವರಿಗೂ ಕುಣಿಯುವವರಿಗೂ ತಮ್ಮ ಪ್ರದರ್ಶನದ ಮೇಲೆ ಹಕ್ಕನ್ನು ಕೊಟ್ಟಿತು. ಈಗ ಆ ಹಕ್ಕಿನ ಅವಧಿ 50 ವರ್ಷ. 2012ರ ತಿದ್ದುಪಡಿಯು, ಬಳಕೆಯ ರೀತಿಯಿಂದಲೇ ಅಸಾಧ್ಯವಾದ ಸಂದರ್ಭಗಳನ್ನು ಬಿಟ್ಟರೆ, ಪ್ರದರ್ಶನ ತನ್ನದೆಂದು ಗುರುತಿಸಿಕೊಳ್ಳುವ ಹಕ್ಕನ್ನೂ, ಕೀರ್ತಿಗೆ ಕುಂದು ಬರುವಂತೆ ಅದನ್ನು ವಿರೂಪಗೊಳಿಸುವುದನ್ನು ತಡೆಯುವ ಹಕ್ಕನ್ನೂ ಸೇರಿಸಿತು. ಪಟ್ಟಣದ ಗಾಯಕನ ವಿಷಯದಲ್ಲಿ ಈ ಹಕ್ಕನ್ನು ಮೀರಿದರೆ ವಕೀಲರ ಪತ್ರ ಬರುವುದು. ತಾಂಡಾದ ಹೆಂಗಸಿನ ವಿಷಯದಲ್ಲಿ ಮೀರಿದರೆ ಯಾವ ಪತ್ರವೂ ಬರುವುದಿಲ್ಲ. ಪತ್ರ ಬರುವುದಿಲ್ಲವೆಂಬ ಧೈರ್ಯದಿಂದ ಮಾಡುವ ಕೆಲಸಕ್ಕೆ ಸಜ್ಜನರು ಯಾವ ಹೆಸರಿಡುವರು?

ಹಾಗಾದರೆ ಮಾಡಬೇಕಾದುದೇನು? ಸರಕಾರವೇ ಎಲ್ಲವನ್ನೂ ಮಾಡಲೆಂದು ಕುಳಿತರೆ ಹಾಡು ಬಲ್ಲವರು ಕಾಯಲಾರರು. 2024ರ ಅಕ್ಟೋಬರಿನಲ್ಲಿ ಪೋಹರಾದೇವಿಯಲ್ಲಿ ಬಂಜಾರರ ಪರಂಪರೆಗೆ ಒಂದು ದೊಡ್ಡ ವಸ್ತುಸಂಗ್ರಹಾಲಯವು ತೆರೆಯಿತು. ಸಮಾಧಿಸ್ಥಳಕ್ಕೆ ಅಷ್ಟಾದರೆ ಜನ್ಮಸ್ಥಳದಲ್ಲಿ ಹಾಡುಗಳಿಗಾಗಿ ಒಂದು ಕೋಣೆ ಆಗಬಾರದೆ? ಆ ಕೋಣೆಗೆ ಮಹಾವೆಚ್ಚವೇನೂ ಬೇಕಾಗಿಲ್ಲ. ಜಯಂತಿಯ ಮೂರು ದಿನಗಳಲ್ಲಿ, ಧ್ವನಿವರ್ಧಕಗಳ ಗದ್ದಲದಿಂದ ದೂರವಾಗಿ ಒಂದು ಮರದ ನೆರಳನ್ನು ಹಾಡಿಗೆಂದೇ ಮೀಸಲಿಡಬೇಕು. ಗೋರಬೋಲಿ ಬಲ್ಲ ಕಾಲೇಜಿನ ಹುಡುಗ ಹುಡುಗಿಯರು ಅಲ್ಲಿ ಕುಳಿತು, ಒಪ್ಪಿ ಬಂದ ತಂಡಗಳ ಹಾಡನ್ನು ಮೊದಲಿಂದ ಕೊನೆಯವರೆಗೆ ಚಿತ್ರಿಸಬೇಕು. ವರ್ತುಲದ ಒಳಗೆ ನಿಂತು ಚಿತ್ರಿಸಬೇಕು. ಹಾಡಿದವರ ಹೆಸರು, ತಾಂಡಾ, ತಾಲ್ಲೂಕು, ದಿನ, ಹಾಡಿನ ಸಂದರ್ಭ, ಕಲಿಸಿದವರ ಹೆಸರು, ಯಾರಿಗೆ ತೋರಿಸಬಹುದು ಯಾರಿಗೆ ಬಾರದು ಎಂಬ ಮಾತು ಇಷ್ಟನ್ನು ಒಂದು ಪುಸ್ತಕದಲ್ಲಿ ಬರೆಯಬೇಕು. ಮಾತುಗಳನ್ನು ಕನ್ನಡ ಲಿಪಿಯಲ್ಲಿ ಇಳಿಸಿ ಅರ್ಥವನ್ನು ಬರೆಯಬೇಕು. ಒಂದು ಪ್ರತಿ ಹಾಡಿದವರ ತಾಂಡಾಕ್ಕೆ, ಒಂದು ಪ್ರತಿ ಜನ್ಮಸ್ಥಳಕ್ಕೆ, ಒಂದು ಪ್ರತಿ ವಿಶ್ವವಿದ್ಯಾಲಯದ ಭಂಡಾರಕ್ಕೆ. ಒಂದು ಕಡೆ ಕೆಟ್ಟರೆ ಇನ್ನೊಂದು ಕಡೆ ಉಳಿಯುವುದು. ಬಿಸಿಲಿನಲ್ಲಿ ಬಂದು ಹಾಡಿದವರಿಗೆ ಹಾರ ತುರಾಯಿಗಳ ಬದಲು ಆ ದಿನದ ದುಡಿಮೆಯ ಬೆಲೆಯನ್ನು ಕೊಡಬೇಕು.

ಹೊನ್ನಾಳಿ, ನ್ಯಾಮತಿ, ಚನ್ನಗಿರಿ, ಜಗಳೂರುಗಳ ವಿದ್ಯಾವಂತ ಕುಟುಂಬಗಳಿಗೂ ಇದರಲ್ಲಿ ಪಾಲಿದೆ. ತಮ್ಮ ಸಂಘಗಳ ವಾರ್ಷಿಕೋತ್ಸವಗಳಿಗೆ ಲಂಬಾಣಿ ತಂಡವನ್ನು ಕರೆಯಿಸುವವರು, ಆಹ್ವಾನ ಪತ್ರಿಕೆಯಲ್ಲಿ ಉಪನ್ಯಾಸಕರ ಹೆಸರನ್ನು ಪದವಿಗಳೊಡನೆ ಅಚ್ಚುಹಾಕಿಸಿ, ಹಾಡುವವರ ಎಡೆಯಲ್ಲಿ ‘ಲಂಬಾಣಿ ನೃತ್ಯ’ ಎಂದು ಬರೆಯಿಸಿ ಸುಮ್ಮನಾಗುವರು. ಒಂದು ಸಾಲಿನ ಜಾಗ, ಒಂದು ಪ್ರಶ್ನೆಯ ಶ್ರಮ, ಇಷ್ಟನ್ನೂ ಉಳಿಸಿಕೊಂಡು ಅವರು ಗಳಿಸಿದುದೇನು? ಮನೆಗೆ ಬಂದವರ ಹೆಸರನ್ನು ಕೇಳದೆ ಊಟಕ್ಕಿಡುವ ಪದ್ಧತಿ ಈ ಸೀಮೆಯಲ್ಲಿಲ್ಲ. ಹೆಸರನ್ನು ಕೇಳದೆ ಹಾಡಿಸಿಕೊಳ್ಳುವ ಪದ್ಧತಿಯೂ ನಿಲ್ಲಬೇಕು. ಇನ್ನು ಮುಂದೆ ಯಾರೇ ಯಂತ್ರವನ್ನು ಮೇಲೆತ್ತುವ ಮುನ್ನ, ಹಾಡಲು ನಿಂತಾಕೆಯ ಬಳಿಗೆ ಹೋಗಿ, “ನಿಮ್ಮ ಹೆಸರೇನಮ್ಮಾ?” ಎಂದು ಕೇಳಲಿ, ಆಕೆ ಹೇಳಿದುದನ್ನು ಬರೆದುಕೊಳ್ಳಲಿ. ಆಮೇಲೆ ಚಿತ್ರ ತೆಗೆಯಲಿ.